ಜೀಪಿನ ಕೀಲು

ಆ ಜೀಪು ನಮ್ಮ ಶೆಡ್ಡಿಗೆ ತನ್ನ ಕಾಲ ಮೇಲೆ ತಾನು ಬರಲಿಲ್ಲ. ಟ್ರ್ಯಾಕ್ಟರಿಗೆ ಹಗ್ಗ ಹಾಕಿ ಎಳ್ಕೊಂಡು ಬಂದ್ರು. ಹಿಂದಿನ ಎಡ ಮಗ್ಗುಲು ನೆಲಕ್ಕೆ ಕುಸಿದಿತ್ತು. ತೊಡೆ ಮುರಿದ ಎತ್ತನ್ನು ನಾಲ್ಕು ಜನ ನೂಕಿಕೊಂಡು ಬಂದ ಹಾಗಿತ್ತು. ಜನವರಿ ತಿಂಗಳು, ರೊಬಸ್ಟಾ ಕುಯ್ಲಿನ ಕಾಲ. ಹಿಂದಿನ ಸಂಜೆ ತೋಟದಿಂದ ಜನರನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಹಿಂದಿನ ಚಕ್ರ ಒಂದು ಚರಂಡಿಗೆ ಇಳಿದಿದೆ. 'ಟಣ್' ಅಂತ ಒಂದು ಸದ್ದು. ಅಷ್ಟೇ. ಜೀಪು ಪಕ್ಕಕ್ಕೆ ವಾಲಿ ಕಾಫಿ ಗಿಡಗಳಿಗೆ ಒರಗಿ ನಿಂತಿದೆ. ಗಿಡ ಇಲ್ಲದೆ ಇದ್ದಿದ್ರೆ ಕೆಳಗೆ ಹಳ್ಳ.

ಒಳಗಿದ್ದವರು ಹದಿಮೂರು ಜನ. ಹನ್ನೊಂದು ಹೆಂಗಸರು, ಒಬ್ಬ ಹುಡುಗ, ಡ್ರೈವರು. ಯಾರೂ ಸಾಯಲಿಲ್ಲ. ಒಬ್ಬ ಅಕ್ಕನ ಬಲಗೈ ಮೂಳೆ ಮುರಿಯಿತು. ಹಣ್ಣು ಕುಯ್ಯುವ ಕೈ ಅದು.

ಡ್ರೈವರಣ್ಣ ಹಗ್ಗ ಬಿಚ್ಚುತ್ತಾ ನಮ್ಮ ಮುಖ ನೋಡದೆ ಅಂದ: 'ಮೂರು ವರ್ಷದ ಕೆಳಗೆ ನೀವೇ ಮಾಡಿದ್ದು ಕಣ್ರಪ್ಪ. ನೋಡ್ಕಳಿ.'

ಅಡಿಗೆ ನುಗ್ಗಿ ನೋಡಿದೆವು. ನಾವೇ ಮಾಡಿದ್ದು. ಸ್ಪ್ರಿಂಗ್ ಪ್ಲೇಟಿನ ಹಿಂದಿನ ತುದಿಯನ್ನು ಚಾಸಿಗೆ ನೇತುಹಾಕುವ ಬ್ರಾಕೆಟ್ಟು. ನಮ್ಮ ಬೆಸುಗೆ, ನಮ್ಮ ಗ್ರೈಂಡರಿನ ಗೀಟು, ನಮ್ಮ ಸುತ್ತಿಗೆಯ ಏಟು. ತಾಯಿಗೆ ಮಗುವಿನ ಮಚ್ಚೆ ಗೊತ್ತಿರುವ ಹಾಗೆ ನಮಗೆ ನಮ್ಮ ಬೆಸುಗೆ ಗೊತ್ತು. ಅಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಗೆಳೆಯರೇ, ಬರವಣಿಗೆ ನಮ್ಮ ಕಸುಬಲ್ಲ. ಕಬ್ಬಿಣ ನಮ್ಮ ಕಸುಬು. ಆದರೂ ಈ ಒಂದು ಮುರಿದ ತುಂಡಿನ ಕತೆಯನ್ನು ನಾವೇ ಬರೀಬೇಕು ಅನ್ನಿಸಿತು. ಬೇರೆಯವರ ತಪ್ಪನ್ನು ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾವು ನಮ್ಮದನ್ನು ಬರೀತೀವಿ.

ನಾವು ಮೂವರು. ನಮ್ಮಲ್ಲಿ ಒಬ್ಬನ ಅಪ್ಪ ಕುಲುಮೆ ಇಟ್ಟಿದ್ದೋರು. ನೇಗಿಲ ಗುಳ, ಮಚ್ಚು, ಗುದ್ದಲಿ ಬಡಿದು ಬದುಕಿದೋರು. ಇನ್ನೊಬ್ಬನ ಅಪ್ಪ ತೋಟದ ಲೈನು ಮನೆಯಲ್ಲಿ ಹುಟ್ಟಿ ಲೈನು ಮನೆಯಲ್ಲೇ ಕಣ್ಣು ಮುಚ್ಚಿದೋರು. ಮೂರನೆಯವನು ಲಾರಿ ಕ್ಲೀನರಾಗಿ ಊರೂರು ಅಲೆದು ವೆಲ್ಡಿಂಗ್ ಕಲಿತ ಸಾಬರ ಹುಡುಗ. ಬಸ್ ಸ್ಟ್ಯಾಂಡಿನ ಹಿಂದೆ ಹತ್ತು ತಗಡಿನ ಒಂದು ಶೆಡ್ಡು. ಅಲ್ಲಿ ಒಂದು ವೆಲ್ಡಿಂಗ್ ಮಿಷನ್ನು, ಒಂದು ಡ್ರಿಲ್ಲು, ಒಂದು ಬೆಂಚ್ ವೈಸು, ಅಪ್ಪನ ಕಾಲದ ಅಡಿಗಲ್ಲು. ಘಾಟಿಯ ಮೇಲಿನ ಹಳೇ ಜೀಪುಗಳೆಲ್ಲ ಒಂದಲ್ಲ ಒಂದು ದಿನ ನಮ್ಮ ಬಾಗಿಲಿಗೆ ಬರಲೇಬೇಕು. ನಮ್ಮ ಕೈ ಬೆಸೆದ ಕೀಲಿನ ಮೇಲೆ ಹೆಂಡ್ತಿ ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿ ಇಳಿಯೋಕೆ ಧೈರ್ಯ ಇರುವ ಕೆಲವರಿಗೆ ನಮ್ಮ ಕೈಗೆ ಮನೆಯ ಲೋಟ ಕೊಡೋಕೆ ಇನ್ನೂ ಧೈರ್ಯ ಬಂದಿಲ್ಲ. ಪೇಪರ್ ಲೋಟ ಬಂದ ಮೇಲೆ ಅವರಿಗೆ ಅನುಕೂಲ ಆಗಿದೆ. ಇರಲಿ, ಇವತ್ತು ಹೇಳಬೇಕಾದ್ದು ಅದಲ್ಲ.

ಈ ಜೀಪು ಅನ್ನೋದೇ ಯುದ್ಧದ ಕೂಸು. 1941ರಿಂದ 1945ರವರೆಗೆ ಅಮೆರಿಕದ ಸೈನ್ಯಕ್ಕೆ ಅಂತ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಯುದ್ಧ ಮುಗೀತು, ಜೀಪು ಉಳೀತು. 1940ರ ದಶಕದ ಕೊನೆಗೆ ಮಹೀಂದ್ರಾದವರು ಬೊಂಬಾಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸೋಕೆ ಶುರು ಮಾಡಿದ್ರು. 1953ರಲ್ಲಿ ಅಮೆರಿಕದಲ್ಲಿ ಸಿಜೆ-3ಬಿ ಅನ್ನೋದು ಬಂತು. ಎತ್ತರದ ಎಂಜಿನ್ ಒಳಗೆ ಹಿಡೀಲಿ ಅಂತ ಬಾನೆಟ್ಟನ್ನೇ ಎತ್ತರ ಮಾಡಿದ ಜೀಪು. ಅಲ್ಲಿ 1968ಕ್ಕೆ ಅದನ್ನು ನಿಲ್ಲಿಸಿದರೂ ಇಲ್ಲಿ ಆಮೇಲೂ ಬಹಳ ವರ್ಷ ಮಾಡುತ್ತಲೇ ಇದ್ದರು. ನಮ್ಮ ಮಲೆನಾಡಿನ ತೋಟದ ದಾರಿಗಳಲ್ಲಿ, ಕೊಡಚಾದ್ರಿಯ ಕೊರಕಲಿನಲ್ಲಿ ಈಗಲೂ ಏದುಸಿರು ಬಿಡುತ್ತಾ ಹತ್ತೋದು ಈ ವಂಶದ ಗಾಡಿಗಳೇ. ಸಿಪಾಯಿಗಳನ್ನು ಹೊರೋಕೆ ಹುಟ್ಟಿದ್ದು ಕೂಲಿಯವರನ್ನು ಹೊರುತ್ತಿದೆ. ಸಿಪಾಯಿಯನ್ನು ಹೊರುವಾಗ ಎಷ್ಟು ಜನ ಅಂತ ಲೆಕ್ಕ ಇತ್ತು. ಕೂಲಿಯವರನ್ನು ಹೊರುವಾಗ ಆ ಲೆಕ್ಕ ಕಳೆದುಹೋಯ್ತು.

ನಮ್ಮ ಮುಂದೆ ಮಲಗಿದ್ದೂ ಒಂದು ಸಿಜೆ-3ಬಿ. ಚಕ್ರದಿಂದ ಚಕ್ರಕ್ಕೆ 80 ಇಂಚು. ನಾಲ್ಕು ಮೂಲೆಗೆ ನಾಲ್ಕು ಪ್ಲೇಟ್ ಸೆಟ್ಟು. ಒಂದೂಮುಕ್ಕಾಲು ಇಂಚು ಅಗಲದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಒಂದು ಬೋಲ್ಟು ಹಾಕಿ, ಯು-ಬೋಲ್ಟುಗಳಿಂದ ಆಕ್ಸಲಿಗೆ ಬಿಗಿದಿರ್ತಾರೆ. ಅದು ಬಿಲ್ಲಿನ ಹಾಗೆ ಬಾಗಿದೆ. ಬಿಲ್ಲಿನ ಒಂದು ತುದಿ ಚಾಸಿಗೆ ಒಂದೇ ಪಿನ್ನಿನಲ್ಲಿ ಕೂತಿರುತ್ತೆ. ಇನ್ನೊಂದು ತುದಿಯನ್ನು ಹಾಗೆ ಕಟ್ಟಿಹಾಕುವ ಹಾಗಿಲ್ಲ. ಯಾಕೆ?

ಶಾಲೆ ಮಕ್ಕಳಿಗೆ ಹೇಳಬೇಕಾದ್ರೆ ಹೀಗೆ ಹೇಳಬಹುದು. ಒಂದು ಬಿದಿರ ದಬ್ಬೆಯನ್ನು ಬಗ್ಗಿಸಿ ನೆಲದ ಮೇಲೆ ಕವುಚಿಡಿ. ಮೇಲಿಂದ ಅಮುಕಿ. ದಬ್ಬೆ ಚಪ್ಪಟೆ ಆಗುತ್ತೆ, ಎರಡು ತುದಿ ದೂರ ಸರಿಯುತ್ತವೆ. ಜೀಪಿನ ಪ್ಲೇಟೂ ಹಾಗೇ. ಚಕ್ರ ಗುಂಡಿಗೆ ಬಿದ್ದೆದ್ದಾಗೆಲ್ಲ ಅದು ಉದ್ದ ಆಗುತ್ತೆ, ಗಿಡ್ಡ ಆಗುತ್ತೆ. ಆ ಸರಿದಾಟಕ್ಕೆ ಜಾಗ ಕೊಡೋಕೆ ಒಂದು ತುದಿಗೆ ತೂಗುವ ಕೀಲು ಇಟ್ಟಿರ್ತಾರೆ. ಅದೇ ಶಾಕಲ್ಲು. ಉಯ್ಯಾಲೆಯ ಹಗ್ಗ ಇದ್ದ ಹಾಗೆ. ಈ ಜೀಪಿನಲ್ಲಿ ಮುಂದಿನ ಶಾಕಲ್ಲು ಮುಂದಿನ ತುದಿಗೆ, ಹಿಂದಿನ ಶಾಕಲ್ಲು ಹಿಂದಿನ ತುದಿಗೆ. ಕಂಪನಿಯಿಂದ ಬಂದಾಗ 'ಯು' ಆಕಾರದ ಸರಳು, ಅದರ ಎರಡು ಕಾಲಿಗೂ ಥ್ರೆಡ್ಡು ಕೊರೆದಿರೋದು. ಕೆಲವು ಬಲ ಥ್ರೆಡ್ಡು, ಕೆಲವು ಎಡ ಥ್ರೆಡ್ಡು. ಅವು ಸವೆದಾಗ ಹೊಸದು ಸಿಗದೆ ನಮ್ಮಂಥೋರು ಎರಡು ಪಟ್ಟಿ, ಎರಡು ಪಿನ್ನು, ಬುಶ್ಶು ಹಾಕಿ ಕೈಯಲ್ಲೇ ಶಾಕಲ್ಲು ಮಾಡ್ತೀವಿ. ಶಾಕಲ್ಲು ನೇತಾಡುವ ಬ್ರಾಕೆಟ್ಟನ್ನೂ ಮಾಡ್ತೀವಿ. ಹದಿಮೂರು ಜನರಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಭಾರ ಆ ಒಂದು ಬ್ರಾಕೆಟ್ಟಿನ ಮೂಲೆಗೆ ಬಿದ್ದಿತ್ತು. ಅದೂ ಜೀಪು ನಿಂತಿದ್ದಾಗ. ಚರಂಡಿಗೆ ಇಳಿದಾಗ ಅದರ ಎಷ್ಟೋ ಪಟ್ಟು.

ಮುರಿದ ತುಂಡನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಿಸಿಲಿಗೆ ಹಿಡಿದೆವು. ಕಬ್ಬಿಣ ಸುಳ್ಳು ಹೇಳಲ್ಲ. ಮುರಿದ ಮುಖದಲ್ಲಿ ಎರಡು ಬಣ್ಣ ಇತ್ತು. ಮುಕ್ಕಾಲು ಪಾಲು ಕಪ್ಪು, ತುಕ್ಕು ಹಿಡಿದು, ಸಮುದ್ರದ ಅಲೆ ಮರಳಿನ ಮೇಲೆ ಗೆರೆ ಬಿಟ್ಟ ಹಾಗೆ ಒಂದರ ಹಿಂದೆ ಒಂದು ಗೆರೆ. ಉಳಿದ ಕಾಲು ಪಾಲು ಮಾತ್ರ ಬೆಳ್ಳಗೆ, ಸಕ್ಕರೆ ಹರಳಿನ ಹಾಗೆ ಮಿಂಚುತ್ತಿತ್ತು. ಅರ್ಥ ಏನು? ಇದು ನಿನ್ನೆ ಸಂಜೆ ಮುರಿದದ್ದಲ್ಲ. ಬಿರುಕು ಬಿಟ್ಟು ತಿಂಗಳುಗಟ್ಟಲೆ ಆಗಿದೆ. ದಿನಾ ಒಂದು ಕೂದಲೆಳೆ ಸೀಳಿದೆ. ನಿನ್ನೆ ಸಂಜೆ ಉಳಿದಿದ್ದ ಕಾಲು ಪಾಲು ಸೋತಿತು. ಜನ 'ಚರಂಡಿಯಿಂದ ಮುರೀತು' ಅಂತಾರೆ. ಚರಂಡಿ ಕೊನೆಯ ಏಟು ಹೊಡೆದಿದ್ದು ಅಷ್ಟೇ.

ಬಿರುಕು ಎಲ್ಲಿ ಹುಟ್ಟಿತು ಅಂತ ಗೆರೆಗಳ ಹಿಂದೆ ಹಿಂದೆ ಹೋದೆವು. ಅದು ನಮ್ಮ ಬೆಸುಗೆಯ ಬುಡಕ್ಕೆ ತಂದು ಬಿಟ್ಟಿತು.

ಆಗ ನೆನಪಾಯ್ತು. ಮೂರು ವರ್ಷದ ಕೆಳಗೆ, ಆಷಾಢದ ಮಳೆ. ಹನ್ನೆರಡು ದಿನ ಸೂರ್ಯ ಕಂಡಿರಲಿಲ್ಲ. ಡ್ರೈವರಣ್ಣನಿಗೆ ಅವಸರ, ನಮಗೂ ಅವಸರ. ಗುಜರಿಯಲ್ಲಿ ಒಂದು ಹಳೇ ಲಾರಿಯ ಸ್ಪ್ರಿಂಗ್ ಬ್ಲೇಡಿನ ತುಂಡು ಬಿದ್ದಿತ್ತು. 'ಲಾರಿ ಬ್ಲೇಡು, ಇದಕ್ಕಿಂತ ಗಟ್ಟಿ ಯಾವುದಿದೆ?' ಅಂದುಕೊಂಡು ಅದನ್ನೇ ಕತ್ತರಿಸಿ ಬ್ರಾಕೆಟ್ಟು ಮಾಡಿ ಚಾಸಿಗೆ ಬೆಸೆದೆವು. ಮೂಲೆಯಲ್ಲಿ ತೆರೆದೇ ಬಿದ್ದಿದ್ದ ಮಾಮೂಲಿ ರಾಡು. ತೇವ ಹಿಡಿದು ಹಿಟ್ಟಿನ ಹಾಗೆ ಮೆತ್ತಗಾಗಿತ್ತು ಅದರ ಮೇಲಿನ ಲೇಪ. ಆದರೂ ಕಿಡಿ ಬಂತು, ಅಂಟಿತು. ಅಂಟಿದ್ದನ್ನೇ ಬೆಸುಗೆ ಅಂದುಕೊಂಡೆವು.

ಅದರಲ್ಲಿ ನಾಲ್ಕು ತಪ್ಪು ಇದ್ದವು. ಒಂದೊಂದಾಗಿ ಹೇಳ್ತೀವಿ. ಈ ಕಸುಬಿನ ತಮ್ಮಂದಿರು ಯಾರಾದರೂ ಓದುತ್ತಿದ್ದರೆ ಕಿವಿಗೆ ಹಾಕ್ಕೊಳ್ಳಲಿ.

ಮೊದಲನೇದು, ಬ್ಲೇಡಿನ ಉಕ್ಕು. ಅದರಲ್ಲಿ ಇಂಗಾಲ ಜಾಸ್ತಿ, ನೂರಕ್ಕೆ ಅರ್ಧ ಪಾಲಿನಷ್ಟು. ಕಟ್ಟಡಕ್ಕೆ ಬಳಸುವ ಮೆತ್ತನೆ ಉಕ್ಕಿನಲ್ಲಿ ಕಾಲು ಪಾಲಿಗಿಂತ ಕಡಿಮೆ. ಬ್ಲೇಡಿನ ಉಕ್ಕಿಗೆ ಬೆಸುಗೆಯ ಬೆಂಕಿ ತಾಗಿ ದಿಢೀರನೆ ತಣ್ಣಗಾದರೆ, ಬೆಸುಗೆಯ ಪಕ್ಕದ ಆ ಒಂದು ಗೆರೆ ಗಾಜಿನ ಹಾಗೆ ಪೆಡಸಾಗುತ್ತೆ. ಗಟ್ಟಿ ಬೇರೆ, ಪೆಡಸು ಬೇರೆ. ಬಾಗೋಕೆ ಬರದ್ದು ಮುರಿಯುತ್ತೆ.

ಎರಡನೇದು, ತೇವದ ರಾಡು. ನೀರಿನ ಪಸೆ ಬೆಂಕಿಗೆ ಒಡೆದು ಜಲಜನಕ ಆಗಿ ಲೋಹದೊಳಗೆ ನುಗ್ಗುತ್ತೆ. ಒಳಗೆ ಕೂತು, ಕೆಲಸ ಮುಗಿಸಿ ನಾವು ಮನೆಗೆ ಹೋಗಿ ಉಂಡು ಮಲಗಿದ ಮೇಲೆ, ಸದ್ದಿಲ್ಲದೆ ಸೀಳುತ್ತೆ. ಮೇಲಿನಿಂದ ಬೆಸುಗೆ ನುಣ್ಣಗೆ ಕಾಣುತ್ತಿರುತ್ತೆ.

ಮೂರನೇದು, ದಪ್ಪದ ಬ್ರಾಕೆಟ್ಟನ್ನು ತೆಳು ಚಾಸಿಗೆ ನೇರ ಬೆಸೆದದ್ದು. ಆ ಜಾಗದಲ್ಲಿ ಚಾಸಿ ತುಕ್ಕು ತಿಂದು 3 ಮಿಲಿಮೀಟರಿಗೂ ಕಡಿಮೆ ಉಳಿದಿತ್ತು. ದಪ್ಪದ್ದು ಅಲುಗಲ್ಲ, ತೆಳ್ಳಗಿರೋದು ಅಲುಗುತ್ತೆ. ಎರಡೂ ಸೇರುವ ಗೆರೆಯಲ್ಲಿ ಎಲ್ಲಾ ನೋವು ಕೂಡಿಕೊಳ್ಳುತ್ತೆ. ಅದರ ಮೇಲೆ ನಾವು ಚಾಸಿಯ ಉದ್ದಕ್ಕೆ ಬೆಸೆಯೋದು ಬಿಟ್ಟು ಅಡ್ಡಕ್ಕೂ ಬೆಸೆದಿದ್ದೆವು. ಚಾಸಿಯ ಅಂಚಿಗೆ ಅಡ್ಡ ಬೆಸುಗೆ ಹಾಕೋದು ಅಂದ್ರೆ ಇಲ್ಲಿ ಹರಿ ಅಂತ ಗೆರೆ ಎಳೆದು ತೋರಿಸಿದ ಹಾಗೆ.

ನಾಲ್ಕನೇದು ದೊಡ್ಡದು. ಆಮೇಲೆ ಒಂದು ದಿನವೂ ಅದನ್ನು ಬಗ್ಗಿ ನೋಡಲಿಲ್ಲ.

ಮಧ್ಯಾಹ್ನಕ್ಕೆ ತೋಟದ ರೈಟರು ಬೈಕಿನಲ್ಲಿ ಬಂದ್ರು. 'ಏನ್ರಯ್ಯ, ಸಂಜೆಗೆ ಆಗುತ್ತಾ? ಹಣ್ಣು ಉದುರ್ತಾ ಇದೆ. ಒಂದು ಟಾಕಿ ಹೊಡೆದು ಕೊಡಿ. ಕುಯ್ಲು ಮುಗಿಯೋವರೆಗೆ ಓಡಿದ್ರೆ ಸಾಕು.'

ಮೂರು ದಿನ ಬೇಕು ಅಂದೆವು.

'ಮೂರು ದಿನನಾ? ಒಂದು ಕಬ್ಬಿಣದ ತುಂಡಿಗೆ?'

ಅವರಿಗೆ ಇಲ್ಲ ಅನ್ನೋದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು ಸಂಜೆ. ಅದೇ ಜೀಪಿನಲ್ಲಿದ್ದ ಹೆಂಗಸರಲ್ಲಿ ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತ್ರು. ಕಾಲೋನಿಯಿಂದ ತೋಟಕ್ಕೆ ಒಂಬತ್ತು ಕಿಲೋಮೀಟರು. ಜೀಪಿಲ್ಲದ ದಿನ ನಡೆದು ಹೋದ್ರೆ ಎರಡು ಗಂಟೆ ಮೇಲೆ, ಬರೋಕೆ ಅಷ್ಟೇ. ಕುಯ್ಲಿನಲ್ಲಿ ಕಿಲೋ ಲೆಕ್ಕದ ಕೂಲಿ. ಹೊತ್ತು ಹೋದ್ರೆ ಕಿಲೋ ಹೋಯ್ತು. 'ಯಾವಾಗ ಕೊಡ್ತೀರಪ್ಪಾ?' ಅಂದ್ರು. ಬಯ್ಯಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು.

ನಮ್ಮೊಳಗೇ ಜಗಳ ಆಯ್ತು. ಒಬ್ಬ ಅಂದ: 'ರಾತ್ರಿಯೆಲ್ಲ ಕೂತು ಹೊಡೆದು ಬಿಡಾಣ. ಅವರ ಹೊಟ್ಟೆ ಮೇಲೆ ನಾವು ಹೊಡೀಬಾರದು.' ಇನ್ನೊಬ್ಬ ಅಂದ: 'ಹೋದ ಸಲನೂ ಇದೇ ಮಾತು ಆಡಿದ್ವಿ.' ಆಮೇಲೆ ಯಾರೂ ಮಾತಾಡಲಿಲ್ಲ. ಮೂರು ದಿನ ಅಂತಲೇ ತೀರ್ಮಾನ ಆಯ್ತು. ಆ ಮೂರು ದಿನವೂ ಬೆಳಗ್ಗೆ ಆರಕ್ಕೆ ಆ ಹೆಂಗಸರು ಬುಟ್ಟಿ ಹಿಡಿದು ನಮ್ಮ ಶೆಡ್ಡಿನ ಮುಂದೇ ನಡೆದು ಹೋದ್ರು. ನಾವು ತಲೆ ಎತ್ತದೆ ಅರ ಹಾಕುತ್ತಾ ಕೂತಿದ್ದೆವು.

ಮೊದಲ ದಿನ ಬರೀ ಅಳತೆ. ಒಳ್ಳೇ ಸ್ಥಿತಿಯಲ್ಲಿದ್ದ ಬಲಗಡೆಯನ್ನು ಗುರು ಮಾಡಿಕೊಂಡೆವು. ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಚಾಸಿ ಎತ್ತಿ ಮರದ ದಿಮ್ಮಿ ಕೊಟ್ಟು, ಪ್ಲೇಟಿನ ಪಿನ್ನುಗಳಿಂದ ತೂಗುಗುಂಡು ಇಳಿಬಿಟ್ಟು ಸಿಮೆಂಟ್ ನೆಲದ ಮೇಲೆ ಚುಕ್ಕಿ ಹಾಕಿದೆವು. ಚುಕ್ಕಿಯಿಂದ ಚುಕ್ಕಿಗೆ ಉದ್ದ, ಆಮೇಲೆ ಮೂಲೆಯಿಂದ ಮೂಲೆಗೆ ಕರ್ಣ. ಎರಡು ಕರ್ಣ ಸಮ ಬಂದ್ರೆ ಚೌಕ ನೆಟ್ಟಗಿದೆ ಅಂತ. ಇಲ್ಲಾಂದ್ರೆ ಹಿಂದಿನ ಆಕ್ಸಲು ಓರೆ ಕೂತು ಜೀಪು ಏಡಿ ನಡೆದ ಹಾಗೆ ನಡೆಯುತ್ತೆ, ಟೈರು ತಿನ್ನುತ್ತೆ. ಆಮೇಲೆ ಹಳೇ ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಬ್ರಾಕೆಟ್ಟಿನ ಮಾದರಿ ಕತ್ತರಿಸಿದೆವು. ರಟ್ಟನ್ನು ಹತ್ತು ಸಲ ಕತ್ತರಿಸಿದ್ರೆ ನಷ್ಟ ಇಲ್ಲ. ಬಲದ ಮಾದರಿಯನ್ನು ಮಗುಚಿದರೆ ಎಡದ್ದು. ಈ ಮಗುಚೋದು ಮರೆತು ಎರಡೂ ಬಲದ್ದೇ ಮಾಡಿಟ್ಟು ತಲೆ ಚಚ್ಚಿಕೊಂಡ ದಿನಗಳೂ ನಮಗುಂಟು.

ಎರಡನೇ ದಿನ ಕತ್ತರಿಸೋದು, ಕೊರೆಯೋದು. ಈ ಸಲ ಗುಜರಿ ಇಲ್ಲ. ಅಂಗಡಿಯಿಂದ ಹೊಸ ಮೆತ್ತನೆ ಉಕ್ಕಿನ ತಗಡು: ಬ್ರಾಕೆಟ್ಟಿನ ಕೆನ್ನೆಗಳಿಗೆ, ಶಾಕಲ್ಲಿನ ಪಟ್ಟಿಗಳಿಗೆ 8 ಮಿಲಿಮೀಟರಿನದು, ಚಾಸಿಗೆ ಮಲಗಿಸುವ ಹಲಗೆಗೆ 4 ಮಿಲಿಮೀಟರಿನದು. ಜೋಡಿ ಪಟ್ಟಿಗಳನ್ನು ಒಟ್ಟಿಗೆ ಕಚ್ಚಿ ಒಂದೇ ಏಟಿಗೆ ಕೊರೆದೆವು; ಬೇರೆ ಬೇರೆ ಕೊರೆದ್ರೆ ತೂತುಗಳ ನಡುವೆ ಕೂದಲೆಳೆ ವ್ಯತ್ಯಾಸ ಬಂದು ಪಿನ್ನು ಸೊಟ್ಟ ಕೂರುತ್ತೆ. ಅಂಚನ್ನೆಲ್ಲ ಅರ ಹಾಕಿ ದುಂಡು ಮಾಡಿದೆವು. ಇದು ಚಂದಕ್ಕಲ್ಲ. ಗ್ರೈಂಡರಿನ ಒಂದು ಗೀರು, ಚೂಪಾದ ಒಂದು ಒಳಮೂಲೆ ಸಾಕು, ಬಿರುಕಿಗೆ ಅದೇ ಬಾಗಿಲು. ಗನ್‌ಮೆಟಲ್ಲಿನ ಬುಶ್ಶನ್ನು ಲೇತಿನವರ ಹತ್ತಿರ ಕಡೆಸಿ, ಒಳಗೆ ಗ್ರೀಸು ಓಡಾಡೋಕೆ ಕಾಲುವೆ ಹೊಡೆಸಿದೆವು. ಬುಶ್ಶು ಕೂರುವ ಕೊಳವೆಯನ್ನು ಬೆಸೆದಾದ ಮೇಲೇ ಒಳಗಡೆ ಕಡೆಸಬೇಕು. ಮೊದಲೇ ಕಡೆಸಿದ್ರೆ ಬೆಸುಗೆಯ ಕಾವಿಗೆ ಅದು ಮೊಟ್ಟೆ ಆಕಾರಕ್ಕೆ ತಿರುಗಿರುತ್ತೆ. ಪಿನ್ನಿಗೂ ಪಟ್ಟಿಗೂ ನಡುವೆ ಎಳೆಯಷ್ಟು ಸಡಿಲ ಬಿಡಬೇಕು. ತೀರ ಬಿಗಿ ಆದ್ರೆ ಅದು ಕೀಲಲ್ಲ, ಬೇಡಿ. ತೀರ ಸಡಿಲ ಆದ್ರೆ ಅದೂ ಕೀಲಲ್ಲ, ಗಿಲಕಿ.

ಚಾಸಿಯ ಕೆಲಸ ಇನ್ನೂ ಸೂಕ್ಷ್ಮ. ಡ್ರೈವರ್ ಸೀಟಿನ ಅಡಿಯ ಟ್ಯಾಂಕನ್ನು ಬಿಚ್ಚಿ ಹೊರಗೆ ದೂರ ಇಟ್ಟೆವು, ಬ್ಯಾಟರಿ ಕಳಚಿದೆವು. ಹಳೇ ಬೆಸುಗೆಯನ್ನೆಲ್ಲ ಕೆರೆದು ತೆಗೆದಾಗ ಚಾಸಿಯಲ್ಲೂ ಒಂದು ಸಣ್ಣ ಬಿರುಕು ಓಡಿರೋದು ಕಂಡಿತು. ಅದರ ತುದಿ ಹುಡುಕಿ ಅಲ್ಲಿ ಒಂದು ದುಂಡು ತೂತು ಕೊರೆದೆವು. ಬಿರುಕಿನ ಬಲ ಇರೋದು ಅದರ ಚೂಪು ಮೊನೆಯಲ್ಲಿ. ಮೊನೆ ದುಂಡಾದ್ರೆ ಅದು ಮುಂದೆ ಹೋಗೋಕೆ ದಾರಿ ಸಿಗದೆ ನಿಲ್ಲುತ್ತೆ. ಆಮೇಲೆ ಬಿರುಕನ್ನು ತೋಡಿ ಬೆಸೆದು, ಅದರ ಮೇಲೆ ಹಲಗೆ. ಹಲಗೆಯನ್ನು ಚೌಕ ಕತ್ತರಿಸದೆ ಎರಡೂ ತುದಿ ಮೊನೆಯಾಗುವ ಹಾಗೆ, ಗಾಳಿಪಟದ ಆಕಾರಕ್ಕೆ ಕತ್ತರಿಸಿದೆವು. ಭಾರ ಒಂದೇ ಗೆರೆಗೆ ಬೀಳದೆ ಉದ್ದಕ್ಕೂ ಹಂಚಿಹೋಗಲಿ ಅಂತ. ಬೆಸುಗೆ ಚಾಸಿಯ ಉದ್ದಕ್ಕೆ ಮಾತ್ರ.

ಮೂರನೇ ದಿನ ಬೆಸುಗೆ. ಜಿಲ್ಲಾ ಕೇಂದ್ರದ ಒಂದು ಶೆಡ್ಡಿನಲ್ಲಿ ರಾಡು ಒಣಗಿಸುವ ಓವನ್ನು ಇದೆ. ಅಲ್ಲಿಗೆ ಹೋಗಿ, 7018 ಅಂತಾರಲ್ಲ, ಜಲಜನಕ ಕಡಿಮೆ ಇರುವ ರಾಡು, ಅದನ್ನು 300 ಡಿಗ್ರಿಯಲ್ಲಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿ ತಂದೆವು. ತೆಗೆದ ಮೇಲೆ ನಾಲ್ಕು ಗಂಟೆ ಒಳಗೆ ಕೆಲಸ ಮುಗೀಬೇಕು, ಗಾಳಿಯ ತೇವ ಮತ್ತೆ ಕೂರುತ್ತೆ. ರಾಡಿಗೆ ಪ್ಲಸ್ಸು ಕೊಟ್ಟು, ಗಿಡ್ಡ ಕಿಡಿ ಹಿಡಿದು, ಒಂದು ಕಡೆ ಒಂದಿಂಚು, ಇನ್ನೊಂದು ಕಡೆ ಒಂದಿಂಚು. ಒಂದೇ ಕಡೆ ಎಳೆದ್ರೆ ಕಬ್ಬಿಣ ಬೆಂಕಿ ಕಂಡ ಕಡೆಗೆ ಮುದುಡುತ್ತೆ. ನೀರು ಹಾಕಿ ತಣ್ಣಗೆ ಮಾಡಲಿಲ್ಲ. ತಾನೇ ಆರಲಿ ಅಂತ ಬಿಟ್ಟೆವು. ಆ ಎರಡು ಗಂಟೆ ಕಾಯೋದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ.

ನಾವು ಕಾಯುತ್ತಾ ಕೂತಿದ್ದಾಗ ಕೈ ಮುರಿದ ಅಕ್ಕ ಬಂದ್ಲು. ಸರ್ಕಾರಿ ಆಸ್ಪತ್ರೆಯಲ್ಲಿ ಸುಣ್ಣದ ಕಟ್ಟು ಹಾಕಿದ್ರು. ಜೊತೆಗೆ ಮಗಳು. ಹಳೇ ಟೈರಿನ ಮೇಲೆ ಕೂತಳು. ಕ್ಷಮಿಸಕ್ಕ ಅಂತ ಹೇಳಬೇಕು ಅಂತ ಮೂವರಿಗೂ ಇತ್ತು, ಮೂವರಿಗೂ ಮಾತು ಗಂಟಲಲ್ಲೇ ನಿಂತಿತು. ಅವಳೇ ಕೇಳಿದ್ಲು: 'ಅದೆಲ್ಲಪ್ಪಾ ಮುರ್ದಿದ್ದು? ತೋರ್ಸಿ.'

ಕೊಟ್ಟೆವು. ಎಡಗೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದ್ಲು. ಅಂಗೈಯಷ್ಟೂ ಇರಲಿಲ್ಲ ಅದು.

'ಇಷ್ಟೇ ಇಷ್ಟುದ್ದಕ್ಕೆ ನಾವು ಹದಿಮೂರು ಜನ ನೇತಾಡ್ತಿದ್ವಾ?'

ಕಪ್ಪು ಭಾಗ ಯಾವುದು, ಬಿಳೀ ಭಾಗ ಯಾವುದು ಅಂತ ತೋರಿಸಿದೆವು. ಬಿರುಕು ಮೊದಲೇ ಇತ್ತು ಅಂದೆವು. ತಪ್ಪು ನಮ್ಮದು ಅಂದೆವು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ್ಲು: 'ಮೊದ್ಲೇ ಇತ್ತು ಅಂತೀರ. ಅಷ್ಟು ದಿನ ಯಾರೂ ಬಗ್ಗಿ ನೋಡ್ಲಿಲ್ವಾ? ನಮ್ಮ ಹಿಂದ್ಗಡೆ ದಿನಾ ಕಿರ್ ಕಿರ್ ಅಂತಿತ್ತು. ಡ್ರೈವರಣ್ಣಂಗೆ ಹೇಳಿದ್ದೆ. ಹಳೇ ಗಾಡಿ, ಅಂಗೇ ಅಂದ.'

ಗೆಳೆಯರೇ, ಇದನ್ನು ಕೇಳಿಸಿಕೊಳ್ಳಿ. ಓದಿದ ಮೆಕ್ಯಾನಿಕ್ಕಿಗೆ ಕೇಳದ ಸದ್ದು, ಹಿಂದೆ ಕಬ್ಬಿಣದ ಹಲಗೆ ಮೇಲೆ ಕೂತವಳ ಬೆನ್ನಿಗೆ ಕೇಳಿತ್ತು. ಅವಳು ಹೇಳಿಯೂ ಇದ್ದಳು. ಅವಳ ಮಾತನ್ನು ಯಾರೂ ಮಾತು ಅಂತ ಎಣಿಸಲಿಲ್ಲ. ಬಿರುಕು ಬೆಳೆದದ್ದು ಕಬ್ಬಿಣದಲ್ಲಿ ಮಾತ್ರ ಅಲ್ಲ.

ಅವಳ ಕಣ್ಣೆದುರೇ ಬೆಸುಗೆಯ ಪರೀಕ್ಷೆ ಮಾಡಿದೆವು. ಇದಕ್ಕೆ ದೊಡ್ಡ ಮಿಷನ್ನು ಬೇಡ. ಬೆಸುಗೆಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ ಹೊತ್ತು ಬಿಟ್ಟು, ಬಟ್ಟೆಯಲ್ಲಿ ಒಣಗ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಬೇಕು. ಬಿರುಕಿದ್ರೆ ಅದರೊಳಗೆ ಹೊಕ್ಕ ಎಣ್ಣೆ ಮೇಲೆದ್ದು ಬಿಳೀ ಪುಡಿಯಲ್ಲಿ ಕಪ್ಪು ಗೆರೆ ಮೂಡುತ್ತೆ. ಸೀಮೆಸುಣ್ಣ ಎದುರಿನ ಶಾಲೆಯ ಮೇಷ್ಟ್ರು ಕೊಟ್ಟದ್ದು. 'ಇದರಿಂದ ಅಕ್ಷರ ಮಾತ್ರ ಮೂಡುತ್ತೆ ಅಂದ್ಕೊಂಡಿದ್ದೆ' ಅಂದ್ರು ಮೇಷ್ಟ್ರು, ಕೂತು ನೋಡುತ್ತಾ. ಎಲ್ಲರೂ ಉಸಿರು ಹಿಡಿದು ನೋಡಿದೆವು. ಗೆರೆ ಮೂಡಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಮರಳ ಚೀಲ ಪೇರಿಸಿಕೊಂಡು, ಜನ ಇಲ್ಲದೆ, ಅದೇ ಚರಂಡಿಯ ದಾರಿಯಲ್ಲಿ ಹೋಗಿ ಬಂದೆವು. ವಾಪಸು ಬಂದು ಯು-ಬೋಲ್ಟುಗಳನ್ನು ಮತ್ತೆ ಬಿಗಿದೆವು. ಹೊಸದಾಗಿ ಕಟ್ಟಿದ ಪ್ಲೇಟ್ ಸೆಟ್ಟು ಮೊದಲ ಓಟಕ್ಕೆ ಕೂತುಕೊಳ್ಳುತ್ತೆ, ಬೋಲ್ಟು ಸಡಿಲ ಆಗೇ ಆಗುತ್ತೆ. ಮತ್ತೆ ಸುಣ್ಣದ ಪರೀಕ್ಷೆ. ಆಮೇಲೆ ನಾವು ಮೂವರೂ ಹಿಂದಿನ ಎಡ ಮೂಲೆಯಲ್ಲಿ ಕೂತು ಇನ್ನೊಂದು ಸುತ್ತು ಹೋದೆವು. ನಾವು ಕೂರದ ಕಡೆ ಬೇರೆಯವರನ್ನು ಕೂರಿಸಬಾರದು ಅಂತ ಈಗ ನಮ್ಮ ಶೆಡ್ಡಿನ ನಿಯಮ.

ಈ ಕೆಲಸಕ್ಕೆ ದುಡ್ಡು ತಗೊಳ್ಳಲಿಲ್ಲ. ಅದು ದಾನ ಅಲ್ಲ, ಸಾಲ ತೀರಿಸಿದ್ದು. ಅಕ್ಕನಿಗೆ ಕೈ ಸರಿಹೋಗುವವರೆಗೆ ವಾರದ ಖರ್ಚನ್ನು ನಾವೂ ಡ್ರೈವರಣ್ಣನೂ ಅರ್ಧ ಅರ್ಧ ಕೊಟ್ಟೆವು. ಅದರಿಂದ ಸರಿಹೋಯ್ತು ಅಂತ ನಾವು ಹೇಳ್ತಾ ಇಲ್ಲ.

ಅದೇ ವಾರ ಬೆಂಗಳೂರಿನಿಂದ ಒಬ್ಬ ಹುಡುಗ ಬಂದ. ಹಳೇ ಜೀಪನ್ನು ಶೋಕಿಗೆ ಕೊಂಡಿದ್ದ. ನಾಲ್ಕೂ ಕಡೆ ಉದ್ದನೆ ಶಾಕಲ್ಲು ಹಾಕಿ ಜೀಪನ್ನು ಎತ್ತರ ಮಾಡಿಕೊಡಿ, ಎಷ್ಟಾದರೂ ಕೊಡ್ತೀನಿ ಅಂದ. ನಾವು ಆಗಲ್ಲ ಅಂದೆವು. ಈ ಜೀಪಿನ ಮುಂದಿನ ಶಾಕಲ್ಲು ಮುಂತುದಿಯಲ್ಲಿದೆ. ಅದನ್ನು ಉದ್ದ ಮಾಡಿದ್ರೆ ಮುಂದಿನ ಆಕ್ಸಲು ಮುಂದಕ್ಕೆ ತಿರುಗುತ್ತೆ. ಸೈಕಲ್ಲಿನ ಮುಂಗೊಂಬು ಓರೆ ಇರೋದರಿಂದ ಹ್ಯಾಂಡಲು ತಾನೇ ನೆಟ್ಟಗಾಗುತ್ತಲ್ಲ, ಜೀಪಿನಲ್ಲೂ ಆ ಓರೆ ಇದೆ. ಅದು ಕಳೆದುಹೋದ್ರೆ ಸ್ಟೇರಿಂಗು ವಾಪಸು ಬರಲ್ಲ, ವೇಗದಲ್ಲಿ ನಡುಗುತ್ತೆ. ಕಾನೂನೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಿಸಿದವರು ಮೊದಲು ಕೊಟ್ಟ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಕೆಟ್ಟದ್ದನ್ನು ಇದ್ದ ಅಳತೆಗೆ ಮಾಡಿಕೊಡ್ತೀವಿ, ಅಳತೆ ಮೀರಿಸಲ್ಲ ಅಂದೆವು. ಹುಡುಗ ಬೇರೆ ಕಡೆ ಹೋದ. ಹೋಗಲಿ.

ಆದರೆ ಅವನಿಗೆ ಹೇಳಿದ ಮಾತು ನಮ್ಮ ಡ್ರೈವರಣ್ಣನಿಗೂ ಹೇಳಬೇಕಲ್ಲ? ಜೀಪು ಕೊಡುವಾಗ ಅವನು ಹೊಸ ಬ್ರಾಕೆಟ್ಟಿನ ಮೇಲೆ ಕೈಯಾಡಿಸಿ ಖುಷಿಯಾಗಿ ಅಂದ: 'ಇದು ಬುಡಿ, ಇನ್ನು ಹದಿನೈದು ಜನ ಹತ್ತಿದ್ರೂ ಅಲುಗಲ್ಲ!'

ನಮಗೆ ಎದೆ ಧಸಕ್ ಅಂತು. ಮೂರು ದಿನ ಬೆವರು ಸುರಿಸಿದ್ದು ಇದಕ್ಕಾ? ನಾವು ಗಟ್ಟಿ ಮಾಡಿದಷ್ಟೂ ಅವರು ಭಾರ ಹೇರ್ತಾರೆ ಅಂದ್ರೆ, ನಮ್ಮ ಕೈಗೆಲಸ ಕೂಲಿಯವರನ್ನು ಕಾಯೋದಾ, ಅಥವಾ ಅವರನ್ನು ಕುರಿ ಹಾಗೆ ತುಂಬೋಕೆ ಅನುಮತಿ ಚೀಟಿ ಕೊಡೋದಾ?

ಬ್ರಾಕೆಟ್ಟು ಗಟ್ಟಿ, ಬ್ರೇಕು ಹಳೇದು, ಚಾಸಿ ಹಳೇದು ಅಂತ ಬಿಡಿಸಿ ಹೇಳಿದೆವು. ಅವನು ಅಂದ: 'ನಂಗೇನು ಆಸೆನಾ? ಒಂದು ಟ್ರಿಪ್ಪಿಗೆ ಮಾತ್ರ ರೈಟರು ಡೀಸೆಲ್ ಕೊಡೋದು.' ಅವನ ಮಾತೂ ಸುಳ್ಳಲ್ಲ.

ಉತ್ತರ ಕೊಟ್ಟಿದ್ದು ಆ ಹೆಂಗಸರು. ಮಾರನೇ ದಿನ ಬೆಳಗ್ಗೆ ಆರ್.ಸಿ. ಪುಸ್ತಕದಲ್ಲಿ ಬರೆದಷ್ಟು ಜನ ಹತ್ತಿದ್ರು. ಉಳಿದವರು ಹತ್ತಲಿಲ್ಲ. ಕಾಲೋನಿಯ ಕಟ್ಟೆ ಮೇಲೆ ಕೂತ್ರು. 'ಎರಡನೇ ಟ್ರಿಪ್ಪಿಗೆ ಬತ್ತೀವಿ. ಹೊತ್ತಾದ್ರೆ ಆಗ್ಲಿ' ಅಂದ್ರು. ಕೈಗೆ ಕಟ್ಟು ಹಾಕಿದ ಅಕ್ಕ ಕುಯ್ಲಿಗೆ ಹೋಗೋಳಲ್ಲದಿದ್ರೂ ಅವರ ನಡುವೆ ಕೂತಿದ್ಲು. ಹಣ್ಣು ಉದುರುವ ಕಾಲ. ರೈಟರು ಮೂರು ದಿನ ಕೂಗಾಡಿ ನಾಲ್ಕನೇ ದಿನ ಎರಡನೇ ಟ್ರಿಪ್ಪಿಗೆ ಡೀಸೆಲ್ ಹಾಕಿಸಿದ್ರು. ಈಗ ಎರಡು ಟ್ರಿಪ್ಪು ನಡೀತಿದೆ. ಬರುವ ಕುಯ್ಲಿಗೂ ನಡೆಯುತ್ತಾ, ನಾವು ಮಾತು ಕೊಡೋಕಾಗಲ್ಲ. ಕೀಲಿನ ಹಾಗೆ ಅದನ್ನೂ ಆಗಾಗ ಬಗ್ಗಿ ನೋಡ್ತಿರಬೇಕು.

ತಿಂಗಳಿಗೊಮ್ಮೆ ಆ ಜೀಪು ನಮ್ಮ ಶೆಡ್ಡಿಗೆ ಬರುತ್ತೆ. ಗ್ರೀಸು ಹೊಡೆದು, ಬೋಲ್ಟು ಬಿಗಿದು, ಸುಣ್ಣ ಉದುರಿಸಿ ನೋಡ್ತೀವಿ. ಅದಕ್ಕೂ ಮೊದಲು, ಹಿಂದೆ ಕೂರುವವರನ್ನು ಕೇಳ್ತೀವಿ: 'ಅಕ್ಕಾ, ಏನಾದರೂ ಸದ್ದು ಬರ್ತಿದೆಯಾ?'

ಮುರಿದ ತುಂಡನ್ನು ಎಸೆದಿಲ್ಲ. ಶೆಡ್ಡಿನ ಕಂಬಕ್ಕೆ ತಂತಿಯಲ್ಲಿ ನೇತುಹಾಕಿದ್ದೀವಿ. ಕೆಲಸ ಕಲಿಯೋಕೆ ಬರುವ ಹುಡುಗರ ಕೈಗೆ ಮೊದಲ ದಿನ ಸುತ್ತಿಗೆ ಕೊಡಲ್ಲ, ಅದನ್ನು ಕೊಡ್ತೀವಿ. ಕಪ್ಪು ಎಷ್ಟು, ಬಿಳುಪು ಎಷ್ಟು, ಎಣಿಸು ಅಂತೀವಿ.